ಕ ಇಳಿ ಕಾ

ಬಾಂಬೋಳಿಯ ಆಸ್ಪತ್ರೆಯಲ್ಲಿ ನನ್ನ ಕೆಲಸ ಸ್ಟ್ರೆಚರ್ ತಳ್ಳುವುದು.
ಕನ್ನಡ ಬರುತ್ತದೆಂದು ಮಕ್ಕಳ ವಾರ್ಡಿಗೂ ಕರೆಯುತ್ತಾರೆ,
ಅದಕ್ಕೆ ಬೇರೆ ಸಂಬಳವಿಲ್ಲ.

ಇವತ್ತು ಝುವಾರಿನಗರದ ಹುಲಿಗೆವ್ವ.
ಮಗಳು ಕಸ್ತೂರಿ, ಮೂರು ವರ್ಷ, ನಾಲ್ಕನೇ ಸಲ ಮಾಸ್ಕಿನೊಳಗೆ;
ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಜಗ್ಗುತ್ತಿದೆ.
ಅದೇ ನೆಗಡಿಯನ್ನು ಮನೆಗೆ ತಂದ ಅಣ್ಣ ಯಮನೂರ
ಗಾಲಿಕುರ್ಚಿ ತಳ್ಳುತ್ತ ಕಾರಿಡಾರಿನಲ್ಲಿ ಬಸ್ಸು ಬಿಡುತ್ತಿದ್ದಾನೆ,
"ವಾಸ್ಕೋ, ವಾಸ್ಕೋ, ವಾಸ್ಕೋ!"
ಸಿಂಬಳ ಅಂಗಿತೋಳಿಗೆ.

ಒಂದೇ ತಗಡಿನ ಕೋಣೆ, ಒಂದೇ ಕೌದಿ, ಒಂದೇ ತಾಟು.
"ಇಕಿಗೆ ನಾ ಏನ್ ಕಡಿಮಿ ಮಾಡೀನ್ರಿ?"

ಡಾಕ್ಟರ್ ಶಿರ್ವೈಕರ್ ರಕ್ತದ ವರದಿ ಬಿಡಿಸಿ
ಕೊಂಕಣಿಯಲ್ಲಿ, ನಡುನಡುವೆ ಇಂಗ್ಲಿಷಿನಲ್ಲಿ, ನಿಧಾನ ಹೇಳಿದರು.
ನಾನು ಒಂದು ಶಬ್ದದ ಹತ್ತಿರ ಎಡವಿ
ವಂಶವಾಹಿ ಅಂದೆ.
ಆಕೆಗೆ ಕೇಳಿಸಿದ್ದು ವಂಶ ಅಷ್ಟೇ.
ಬಾಗಿಲಲ್ಲಿ ಕೂತ ಅತ್ತೆ ಎಲೆ ಜಗಿಯುವುದು ನಿಲ್ಲಿಸಿದಳು:
"ಯಾರ ಕಡಿಂದ?"

ತಪ್ಪಾಯಿತು. ಮತ್ತೆ ಮೊದಲಿಂದ.
ಹಾಳೆಯ ಬೆನ್ನಿಗೆ ಬರೆದೆ: ಕಾವಲು.
ನಾಲ್ಕನೇ ಇಯತ್ತೆ ಓದಿದ ಹುಲಿಗೆವ್ವ ಬೆರಳಿಟ್ಟು ಓದಿದಳು.
ಮೈಯೊಳಗೊಬ್ಬ ಇದ್ದಾನೆ, ನೆಗಡಿಯ ಹುಳ
ಹೊಸ್ತಿಲು ದಾಟಿದರೆ ಕೂಗು ಹಾಕುವವ.
ಈಗ ಮೊದಲ ಅಕ್ಷರದ ಇಳಿ ತೆಗೆದು ಓದು.
"ಕವಲು."
ಅಷ್ಟೇ ಆಗಿರುವುದು. ಕೂಗಬೇಕಾದವನಿಗೆ ಕಳ್ಳ ಕಾಣುತ್ತಿಲ್ಲ.

ಎಲ್ಲರಿಗೂ ಎರಡೆರಡು ಪ್ರತಿ, ಅವ್ವಂದೊಂದು, ಅಪ್ಪಂದೊಂದು.
ನಿನ್ನಲ್ಲಿ ಒಂದು ಸರಿ, ಒಂದು ತಪ್ಪು; ದ್ಯಾಮಣ್ಣನಲ್ಲೂ ಹಾಗೇ.
ಒಂದು ಸರಿಯಿದ್ದರೆ ಸಂಸಾರ ನಡೆಯುತ್ತದೆ.
ಯಮನೂರನಿಗೆ ಒಂದಾದರೂ ಸರಿ ಸಿಕ್ಕಿತು.
ಕಸ್ತೂರಿಗೆ ಬಂದವು ಎರಡೂ ತಪ್ಪೇ.

ಬಾಗಿಲಿಗೆ ಕೇಳುವಂತೆ ಹೇಳಿದೆ: ಎರಡೂ ಕಡಿಂದ, ಆಯಿ.
ಮುದುಕಿ ಲೆಕ್ಕ ಹಾಕಿದಳು. ಅರ್ಧ ಮಗನದು,
ಅಂದರೆ ಸತ್ತ ಗಂಡನದೋ, ಇಲ್ಲಾ…
ಮತ್ತೆ ಜಗಿಯತೊಡಗಿದಳು, ಮುಖ ಗೋಡೆಗೆ.

"ಔಷಧ?"
ಡಾಕ್ಟರು ಹೇಳಿದ್ದು: ಮೂಗು ಸೋರಿದ ದಿನವೇ ಬಾ,
ಮೂರನೇ ದಿನಕ್ಕಲ್ಲ. ಬೆಳೆದಂತೆ ಮೈ
ಬೇರೆ ದಾರಿ ಕಲಿಯಬಹುದು.
ಆ ಬಹುದನ್ನು ನಾನು ಸ್ವಲ್ಪ ಗಟ್ಟಿಯಾಗಿಯೇ ಕನ್ನಡಕ್ಕೆ ತಂದೆ.

ಪಾಳಿ ಮುಗಿಸಿ ಹೋಗುವಾಗ ಇಣುಕಿದೆ.
ಪರದೆಯ ಮೇಲೆ ತೊಂಬತ್ತು, ಎಂಬತ್ತೊಂಬತ್ತು, ಇಳಿಯುತ್ತಿದೆ;
ಇಳಿಯಬೇಕಾದ ಜ್ವರ ಇಳಿಯುತ್ತಿಲ್ಲ.
ಯಮನೂರ ಗಾಲಿಕುರ್ಚಿಯಲ್ಲೇ ನಿದ್ದೆಹೋಗಿದ್ದಾನೆ.
ಹುಲಿಗೆವ್ವ ನನ್ನ ಪೆನ್ನು ಹಿಂದಿರುಗಿಸಿರಲಿಲ್ಲ,
ಅದೇ ಹಾಳೆಯ ಮೇಲೆ ತಿದ್ದುತ್ತಿದ್ದಳು
ತುಟಿ ಅಲ್ಲಾಡಿಸುತ್ತ, ಸಾಲಿಯ ಹುಡುಗಿಯ ಹಾಗೆ,
ಕ ಇಳಿ ಕಾ
ಕ ಇಳಿ ಕಾ