ಓರೆ ಎಳೆದವನು

ಗೋಡೆಗೆ ಕಿವಿಯಿದೆ ಎನ್ನುತ್ತಾರೆ.
ನರವಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ.
ಗಡಿಯಾರಕ್ಕೆಂದು ಮೊಳೆ ಹೊಡೆದೆ, ಗಾರೆ ಉದುರಿತು,
ತೂತಿನೊಳಗೆ ಬೂದು ಬಣ್ಣದ್ದೊಂದು ಬೆನ್ನು,
ಮೊಳೆಯ ಮೂತಿಯಿಂದ ಅಕ್ಕಿಕಾಳಿನಷ್ಟು ದೂರ.

ಪಕ್ಕದ ಮನೆಯ ಇದ್ವಲ್ ಬಂದ. ಎಪ್ಪತ್ತೆಂಟು.
ಬ್ಲೈನೈ ಊರಿನ ಅರ್ಧ ಮನೆಗಳಿಗೆ ತಂತಿ ಎಳೆದವನು.
ಮೊದಲು ಮೇನ್ ಆಫ್ ಮಾಡಿದ. ಆಮೇಲೆ ಬೈದ,
ನನ್ನನ್ನಲ್ಲ, ನನಗಿಂತ ಮುಂಚೆ ಇಲ್ಲಿದ್ದ ಯಾರನ್ನೋ:
"ಒಂದು ಗಜ ಉಳಿಸೋಕೆ ಓರೆಯಾಗಿ ಎಳೆದಿದಾನೆ ನೋಡು.
ಸ್ವಿಚ್ಚಿನಿಂದ ನೆಟ್ಟಗೆ ಮೇಲೆ, ಇಲ್ಲಾ ನೆಟ್ಟಗೆ ಅಡ್ಡ.
ಸ್ವಿಚ್ಚು ಕೈಗೆ ಸಿಕ್ಕರೆ ತಂತಿ ಎಲ್ಲಿದೆ ಅಂತ
ಕುರುಡನಿಗೂ ತಿಳೀಬೇಕು."

ನೀವೇ ಸರಿಮಾಡಿ ಎಂದೆ.
ಕೈ ಎತ್ತಿ ತೋರಿಸಿದ. ಬೆರಳು ನಿಲ್ಲುತ್ತಿರಲಿಲ್ಲ.
"ನನ್ನ ಕಣ್ಣು, ನಿನ್ನ ಕೈ."

ಈ ಊರಲ್ಲಿ ಬೆಟ್ಟವೂ ಸ್ಲೇಟು, ಮಾಡೂ ಸ್ಲೇಟು, ಬೇಲಿಯೂ ಸ್ಲೇಟು.
ಶಾಲೆಯ ಬಸ್ಸು ಓಡಿಸುವ ನಾನು, ಮೆರೆರಿಡ್,
ಐವತ್ತೊಂದಕ್ಕೆ ಅಕ್ಷರಾಭ್ಯಾಸಕ್ಕೆ ಕೂತೆ.

ಕಂದು, ಜೀವ. ನೀಲಿ, ಮರಳುವ ದಾರಿ.
ಬೆತ್ತಲೆ ತಾಮ್ರ, ಮಣ್ಣು; ಅದಕ್ಕೆ ಹಸಿರು ಹಳದಿಯ ಅಂಗಿ ತೊಡಿಸು.
ಸಿಪ್ಪೆ ಸುಲಿ, ತಿರುಳಿಗೆ ಗೀರು ಬೀಳಬಾರದು.
ಬಿತ್ತು. ಕತ್ತರಿಸು, ಇನ್ನೊಮ್ಮೆ.
ಬಿತ್ತು. ಇನ್ನೊಮ್ಮೆ.
ಸಂಜೆಗೆ ಕಾಲ ಬುಡದಲ್ಲಿ ಬಣ್ಣದ ಶ್ಯಾವಿಗೆ.

ಪರೀಕ್ಷೆಯ ಕಡ್ಡಿಯನ್ನು
ಮೊದಲು ಜೀವವಿದ್ದಲ್ಲಿ ಮುಟ್ಟಿಸಿದ, ದೀಪ ಹತ್ತಿತು.
ಆಮೇಲೆ ಸತ್ತ ತಂತಿಗೆ. ಹತ್ತಲಿಲ್ಲ.
ಮತ್ತೆ ಹೋಗಿ ಜೀವಕ್ಕೆ.
ಮೂರು ಸಲ ಯಾಕೆ?
"ಹಾವು ಸತ್ತಿದೆ ಅಂದವನೇ ಸತ್ತಿದ್ದರೆ?"

ಅಟ್ಟದ ತೊಲೆಗೆ ತೂತು ನಟ್ಟನಡುವೆ,
ಮೇಲಂಚಿನಿಂದ ಎರಡು ಇಂಚು ಬಿಟ್ಟು.
ಹಲಗೆಗೆ ಮೊಳೆ ಹೊಡೆಯುವವರಿಗೆ ಕೆಳಗೇನಿದೆ ಕಾಣುವುದಿಲ್ಲವಲ್ಲ.
ಕ್ಲಿಪ್ಪಿನ ಮೊಳೆ ಕೆಳಗಿರಲಿ, ತಂತಿ ಅದರ ಮೇಲೆ ಕೂರಲಿ.
ನಾನು ಬಿಗಿದು ಹೊಡೆದೆ. ತಂತಿಯ ಹೊಟ್ಟೆ ಚಪ್ಪಟೆ.
"ಕೊರಳು ಹಿಚುಕಬೇಡ ಮಾರಾಯ್ತಿ.
ಮಗುವಿನ ಕೈ ಹಿಡಿದು ರಸ್ತೆ ದಾಟಿಸ್ತೀಯಲ್ಲ, ಅಷ್ಟು ಬಿಗಿ."
ಅದು ನನಗೆ ಗೊತ್ತಿತ್ತು. ದಿನಾ ಮಾಡುವುದೇ.

ಮೆಟ್ಟಿಲ ಮೇಲಿನ ಸೂರಿಗೆ ಬಂದಾಗ ಮಾತ್ರ
ಪ್ಲಾಸ್ಟಿಕ್ಕಿನ ನಡುನಡುವೆ ಹಾಕೆಂದು
ಜೇಬಿನಿಂದ ಉಕ್ಕಿನ ಕ್ಲಿಪ್ಪು ತೆಗೆದುಕೊಟ್ಟ.
ಯಾಕೆಂದರೆ ಬಹಳ ಹೊತ್ತು ಏಣಿ ಹಿಡಿದುಕೊಂಡೇ ನಿಂತಿದ್ದ.
"ಬೆಂಕಿಗೆ ಪ್ಲಾಸ್ಟಿಕ್ ಕರಗುತ್ತೆ. ತಂತಿ ಜೋತು ಬೀಳುತ್ತೆ.
ಹೊಗೆಯೊಳಗೆ ನಿನ್ನನ್ನ ಹುಡುಕಿಕೊಂಡು ಬರೋರ ಕಾಲಿಗೆ, ಕೊರಳಿಗೆ."
ಆಮೇಲೆ, ಬೇರೆ ಕಡೆ ನೋಡುತ್ತಾ,
"ಗ್ವಿಲಿಮ್‌ಗೆ ಆದ ಹಾಗೆ."
ಯಾರು ಗ್ವಿಲಿಮ್ ಎಂದು ನಾನು ಕೇಳಲಿಲ್ಲ.
ಉಕ್ಕಿನವನ್ನು ಎರಡು ಹೆಚ್ಚಿಗೆ ಹೊಡೆದೆ.

ಭಾನುವಾರ ಮುಗಿಯಿತು. ಪೆಟ್ಟಿಗೆಯೊಳಗೆ
ತಂತಿಯನ್ನು ಬೆರಳುದ್ದ ಜಾಸ್ತಿ ಬಿಟ್ಟೆವು,
ಮುಂದೆ ಬಿಚ್ಚುವವರಿಗೆ ಎಂದು.
ಸ್ಕ್ರೂ ತಿರುಗಿಸಿ ಒಂದೊಂದನ್ನೂ ಜಗ್ಗಿ ನೋಡಿದೆ.
ಮೀಟರು ಹಿಡಿದು ಅವನು ಅಂಕಿ ಹೇಳಿದ, ನಾನು ಬರೆದುಕೊಂಡೆ.
ದೀಪ ಹತ್ತಿತು. ದೀಪ ಹತ್ತಿದ್ದಕ್ಕೆ ಚಪ್ಪಾಳೆ ಏನು ಬಂತು.
ಅವನು ಟೀ ಕೇಳಿದ.

ಹಳೆಯ ಓರೆ ತಂತಿಯನ್ನು ಗೋಡೆಯಿಂದ ಕಿತ್ತು
ನೆಲದ ಮೇಲೆ ಚಾಚಿ, ಹೊಸದಾರಿಯ ಪಕ್ಕ ಇಟ್ಟು ಅಳೆದೆ.
ಯಾರೋ ಅವನು, ಪುಣ್ಯಾತ್ಮ, ಉಳಿಸಿದ್ದು
ಹದಿನೇಳು ಇಂಚು.

ಗಡಿಯಾರ ಇನ್ನೂ ಮೇಜಿನ ಮೇಲೇ ಟಿಕ್ ಅನ್ನುತ್ತಿದೆ.
ಎಲ್ಲಿ ಹೊಡೆಯಬಹುದೆಂದು ಈಗ ಚೆನ್ನಾಗಿ ಗೊತ್ತು.
ಗೊತ್ತಿದ್ದೂ,
ಮೊಳೆ ಹಿಡಿದು ನಿಂತಿದ್ದೇನೆ.