ಹದಿನೇಳನೇ ಮಗ್ಗದ ಕುಂಟು

ಅಕಿ ಹೆಸರು ತೈಸಿಯಾ ರುದ್ನೆವಾ.
ಕಂಡಿಕಿ ಸುತ್ತೋ ಹೆಂಗಸರ ಬಾಯಾಗ ಅದು
ಮಧ್ಯಾಹ್ನದೊಳಗ ತಾಯಿಸಿ ಆತು,
ಸಂಜೀಕ ಬರೇ ತಾಯಿ.

ರಷ್ಯಾದಾಕಿ. ಹಾಡು ಕಟ್ಟತಾಳಂತ, ಹಾಡಾಂಗಿಲ್ಲ.
ಅಕ್ಕಲಕೋಟ ರೋಡಿನ ನಮ್ಮ ಶೆಡ್ಡಿಗೆ
ಕುರಿಮರಿಯಂಗ ಉಣ್ಣಿ ತೊಟ್ಟ ಎರಡು ಮೈಕು
ಕಂಕುಳಾಗ ಅವಚಿಕೊಂಡು ಬಂದ್ಲು.
ಇಪ್ಪತ್ನಾಲ್ಕೂ ಮಗ್ಗ ನಿಂದರಸ್ರಿ, ಆಮ್ಯಾಲ
ಒಂದೊಂದ ಚಾಲೂ ಮಾಡ್ರಿ ಅಂದ್ಲು.
ಬೊಮ್ಮಡ್ಯಾಲ ಶೇಟ ಬೆರಳ ಮಡಚಿ
ಎಷ್ಟು ಚಾದರ ಹೋತು ಅಂತ ಲೆಕ್ಕ ಹಾಕಿದ, ತೆಲುಗಿನಾಗ.
ರೊಕ್ಕ ಎಣಿಸಿದ್ದು ಮರಾಠಿಯಾಗ.
ನನ್ನ ಬೈದದ್ದು ಕನ್ನಡದಾಗ.

ಜಾಬರ್ ಆಗಿ ಇಪ್ಪತ್ತೊಂಬತ್ತ ವರ್ಷಾತು.
ಹೆಸರಿಗೆ ಸೊಲ್ಲಾಪುರ; ಶೆಡ್ಡಿನಾಗ ಒಬ್ಬರ ಸೊಲ್ಲು ಒಬ್ಬರಿಗಿಲ್ಲ,
ತುಟಿ ನೋಡಿ ತಿಳಕೋಬೇಕು.
ಎಡಗಿವಿ ಮಗ್ಗಕ್ಕ ಕೊಟ್ಟೀನಿ. ಬಲಗಿವಿಯಾಗ ಕೇಳೂದು ಒಂದ:
ಎಲ್ಲಿ ಸಡ್ಲಾತು, ಎಲ್ಲಿ ಸವದೈತಿ.
ನಾ ಸದ್ದು ಹುಡಕೂದು ಕೊಲ್ಲಾಕ.

ಹದಿನೇಳಕ್ಕ ಬಂದಾಗ ನಾಚಿಕಿ ಆತು.
ಪಿಕ್ಕರಿನ ಚರ್ಮ ಸವದು
ಎಂಟನೇ ಏಟಿಗೊಮ್ಮೆ ಲಾಳಿ
ಕೂದಲೆಳಿಯಷ್ಟು ತಡಾ ಮಾಡತಿತ್ತು.
ಹತ್ತ ಮಿನಿಟ ಕೊಡ್ರಿ, ಸರಿ ಮಾಡತೀನಿ ಅಂತ ಪಾನಾ ತಗದ್ರ
ಅಕಿ ನನ್ನ ಮುಂಗೈ ಹಿಡದ್ಲು.
ಎಣ್ಣಿ ಕೈ.
ಬಿಡಲಿಲ್ಲ.

ಮೂರು ತಾಸು ಆ ಕುಂಟು ತುಂಬಕೊಂಡ್ಲು.
ನಾಕಕ್ಕ ಕರೆಂಟ ಹೋತು. ಪಟ್ಟಾ
ತಿರುಗಿ ತಿರುಗಿ ಸುಸ್ತಾಗಿ ನಿಂತ್ವು, ನಾವು ಚಹಾಕ್ಕ ಎದ್ವಿ.
ಅಕಿ ಕಣ್ಣ ಮುಚ್ಚಿ ಕೂತಿದ್ಲು,
ಅಕಿ ಪಾಲಿಗೆ ಇನ್ನೂ ಏನೋ ನಡದಿತ್ತು.

ಇವಾನೊವೊ ಅಂತ ಊರೈತಂತ, ಅಲ್ಲೂ ಮಗ್ಗ.
ಅಕಿ ಅಜ್ಜಿ ಅಲ್ಲಿ ನೇದಾಕಿ,
ಹಾಸಿಗಿ ಪಕ್ಕ ಕೂತು ಮೊಮ್ಮಗಳಿಗೆ ಕಥಿ ಹೇಳುವಾಗೂ
ಒದರಿ ಹೇಳಾಕೆಂತ.
ಸುಗಂಧಾ ಇದನ್ನ ಇಂಗ್ಲೀಷಿನಿಂದ ಬಿಡಿಸಿ ಹೇಳಿದ್ಲು.
ಬಿಡಿಸೂದೇನಿತ್ತು? ನಮ್ಮ ಮನ್ಯಾಗೂ
ಗುಟ್ಟಂಬೋದಿಲ್ಲ, ಎಲ್ಲಾ ಓಣಿಗೆ ಗೊತ್ತು.

ಅಕಿ ಹೋದ ರಾತ್ರಿನ ನಾನು ಪಿಕ್ಕರ್ ಬದಲಿಸಿದೆ.

ಎರಡ ದೀಪಾವಳಿ ಕಳದ ಮ್ಯಾಲ
ಸುಗಂಧಾನ ಮೊಬೈಲಿಗೆ ಬಂತು.
ದೊಡ್ಡ ಸಭಾ, ಕೆಂಪ ಖುರ್ಚಿ, ಕರೀ ಅಂಗಿಯ ಎಂಬತ್ತ ಮಂದಿ,
ಸುತ್ತ ಗ್ವಾಡಿಗೆ ಸ್ಪೀಕರು.
ಮೊದಲ ಏನೂ ಇಲ್ಲ. ಹಿಂಜಿದ ಹತ್ತಿ ಗಾಳಿಗೆ ಹಾರಿದಂಗ.
ಹಿಮ ಇರಬೇಕು, ನಾ ಕಂಡಿಲ್ಲ.
ಆಮ್ಯಾಲ ನೆಲದಾಗಿಂದ ಎದ್ದು ಬಂತು ನಮ್ಮ ಹದಿನೇಳು.
ಪಿಟೀಲಿನವ್ರು ಅದರ ಬೆನ್ನ ಹತ್ತಿದ್ರು,
ಏಳು ನೆಟ್ಟಗ, ಎಂಟಕ್ಕ ಎಡವಿ.
ಕಲತ ಮಂದಿ. ಮುಂದ ಹಾಳಿ ಇಟಕೊಂಡು
ನಮ್ಮ ಸವದ ಚರ್ಮಾ ಓದಾಕಹತ್ತಿದ್ರು.
ನನ್ನ ಕೈ ತಾನಾಗೇ
ಕಿಸೇದಾಗಿನ ಪಾನಾಕ್ಕ ಹೋತು.

ಅಷ್ಟರಾಗ ಎಳಿ ಹರೀತು.
ಎಂಬತ್ತೂ ಮಂದಿ ನಿಂತ್ರು. ಪೂರ್ತಿ ಗಪ್ಪ.
ಒಂದು, ಎರಡು, ಮೂರು, ನಾಲ್ಕು:
ನಾ ಗಂಟ ಹಾಕಾಕ ಹಿಡಿಯೋ ಹೊತ್ತು ಅದು,
ಎಣಿಸ್ಯಾಳ. ಅದರ ನಡುವ ಯಾರೋ ಕೆಮ್ಮಿದ್ರು.
ನಾನ.
ಶೆಡ್ಡಿನಾಗ ನನ್ನ ಕೆಮ್ಮು
ನನಗ ಕೇಳಿದ್ದಿಲ್ಲ ಯಾವತ್ತೂ.

ಮೂರ ಸಲ ನೋಡಿದೆ. ನಾಕನೇ ಸಲಕ್ಕ
ಸುಗಂಧಾಗ ಬರಿ ಅಂದೆ:

ತಾಯಾರ, ಎಲ್ಲಾ ಬರೋಬರಿ ಐತಿ.
ಇಲ್ಲಿ ಹದಿನೇಳು ಈಗ ಕುಂಟಾಂಗಿಲ್ಲ,
ಆ ಕುಂಟು ನಿಮ್ಮಲ್ಲೇ ಉಳದೈತಿ, ಜ್ವಾಕಿ.
ಎಡಗಡಿ ದೊಡ್ಡ ಪಿಟೀಲಿನಾಗ ಮೂರನೇದಾಂವ, ಗಡ್ಡದಾಂವ,
ಎಂಟನೇ ಏಟಿಗೆ ನೆಟ್ಟಗ ನಡದು ಬಿಡತಾನ.
ಅಂವನ ಪಿಕ್ಕರ್ ಹೊಸಾದಿರಬೇಕು.
ಸ್ವಲ್ಪ ಸವಸ್ರಿ.