ಕೊಸರು

ಬ್ಯಾಂಕಿನವರು ಕಳಿಸಿದ ಇಂಜಿನಿಯರ್ ನಾಗಭೂಷಣ
ಚಪ್ಪಲಿ ಬಿಟ್ಟು ಒಳಗೆ ಬಂದರು, ಅದು ಸರಿ.
ಟೇಪು ಬಿಚ್ಚಲಿಲ್ಲ. ಅಂಗೈಯಗಲದ ಯಂತ್ರ,
ಗುಂಡಿ ಒತ್ತಿದರೆ ಗೋಡೆಯ ಮೇಲೆ ಒಂದು ಕೆಂಪು ಚುಕ್ಕೆ.
ಚುಕ್ಕೆ ಹಾಲ್ ದಾಟಿತು, ಅಡುಗೆಮನೆ ಹೊಕ್ಕಿತು,
ಒಗ್ಗರಣೆ ಸಿಡಿದ ಕಲೆಯ ಮೇಲೆ ಒಂದು ಗಳಿಗೆ ಕೂತು
ನೊಣದಂತೆ ಎದ್ದು ಹೋಯಿತು.

"ಮೇಲಿನ ರೂಮು ನಕ್ಷೆಯಲ್ಲಿ ಇಲ್ಲವಲ್ಲ, ಅಮ್ಮ?"
ಇಲ್ಲ. ಅಪ್ಪ ಹೋದ ಮೇಲೆ ನಾನೇ ಕಟ್ಟಿಸಿದ್ದು,
ಅಂಗಡಿಯಲ್ಲಿ ಮುಗಿಯದ ತಕ್ಕಡಿಗಳನ್ನು
ರಾತ್ರಿ ಕೂತು ರಿಪೇರಿ ಮಾಡಲು.
"ಹಾಗಾದರೆ ಲೆಕ್ಕಕ್ಕಿಲ್ಲ."
ಹನ್ನೊಂದು ವರ್ಷದ ರಾತ್ರಿಗಳು
ಒಂದು ಅಡ್ಡಗೆರೆಯಲ್ಲಿ ಹೋದವು.

ಸಿಟ್ಟು ಬರಲಿಲ್ಲ ಅಂದರೆ ಸುಳ್ಳು.
ಆದರೆ ಮೂವತ್ತು ವರ್ಷ ಗಾಂಧಿ ಬಜಾರಿನಲ್ಲಿ
ಊರವರ ತಕ್ಕಡಿಯ ನಾಲಿಗೆ ತಿದ್ದಿದವಳು ನಾನು.
ಮುದ್ರೆ ಹಾಕಲು ಬಂದ ಇನ್ಸ್‌ಪೆಕ್ಟರಿಗೂ
ಬೆಲ್ಲದ ಮಂಡಿಯ ಸಾಹುಕಾರನಿಗೂ ನಡುವೆ
ಸ್ಕ್ರೂಡ್ರೈವರ್ ಹಿಡಿದು ನಿಂತವಳು.
ಯಾವ ತಕ್ಕಡಿಗೂ ಇಷ್ಟು ತಪ್ಪಬಹುದು ಎಂಬ ಅಳತೆ ಇರುತ್ತದೆ.
ಇವರದ್ದೂ ತಕ್ಕಡಿಯೇ.
ಇವರೇನು ಮನೆ ನೋಡಲು ಬಂದವರೇ?
ಕಂತು ನಿಂತ ದಿನ ಹರಾಜಿನಲ್ಲಿ ಎಷ್ಟು ಹುಟ್ಟೀತು,
ಅದನ್ನು ನೋಡಲು ಬಂದವರು.

ಮಾತಾಗಿದ್ದು ನಲವತ್ತೆಂಟು.
ವರದಿಯಲ್ಲಿ ಬಂದದ್ದು ನಲವತ್ತಮೂರು.
ಬ್ಯಾಂಕು ಸಾಲ ಕೊಡುವುದು ಕಡಿಮೆಯದರ ಮೇಲೆ,
ಅದರಲ್ಲೂ ನೂರಕ್ಕೆ ಎಂಬತ್ತು.
ಭದ್ರಾವತಿ ಡಿಪೋದ ಕಂಡಕ್ಟರು ಸುಧಾಮಣಿ
ಟಿಕೆಟ್ ಹರಿಯುವ ಹೆಬ್ಬೆರಳಿನಲ್ಲಿ
ಮೊಬೈಲಿನ ಮೇಲೆ ಲೆಕ್ಕ ಒತ್ತಿದಳು, ಅಳಿಸಿದಳು, ಮತ್ತೆ ಒತ್ತಿದಳು.
ಎಷ್ಟು ಒತ್ತಿದರೂ ನಾಲ್ಕು ಲಕ್ಷ ಕಡಿಮೆ.
ಅವಳ ಗಂಡ ಹಾಲೇಶ, ಮಾಚೇನಹಳ್ಳಿ ಫೌಂಡ್ರಿಯವನು,
ನಾನು ಕೊಟ್ಟ ನೀರಿನ ಲೋಟವನ್ನೇ ನೋಡುತ್ತ ಕೂತ.

ಬ್ರೋಕರ್ ಚಂದೋಜಿ ಗೇಟಿನ ಹತ್ತಿರ ಕರೆದ:
"ಅಕ್ಕಾ, ಕಾಗದದಲ್ಲಿ ಐವತ್ತೈದು ಬರೆಸೋಣ.
ಬೇರೆ ಇಂಜಿನಿಯರ್ ನಂಗೆ ಗೊತ್ತು.
ಆಮೇಲೆ ಒಳಗೊಳಗೇ ವಾಪಸ್ಸು."
ತಟ್ಟೆಯ ಅಡಿಗೆ ಹುಣಸೆಹಣ್ಣು ಮೆತ್ತುವವರನ್ನು
ನಾನು ಎಷ್ಟು ಜನ ನೋಡಿಲ್ಲ!
ಉಗುರಿನಿಂದ ಕೆರೆದು ತೆಗೆದ ಅಂಟು
ಈಗಲೂ ಬೆರಳಿಗೆ ಹತ್ತಿದಂತಿದೆ.
"ಬೇಡ ಅಂದ್ರೆ ದುರ್ಗಿಗುಡಿ ಪಾರ್ಟಿ ಇದೆ.
ನಲವತ್ತಾರು, ಪೂರ್ತಿ ರೊಕ್ಕ, ಸೋಮವಾರವೇ."
ಇದಕ್ಕೆ ತಡವರಿಸಿದೆ.
ಎರಡು ದಿನ ತಡವರಿಸಿದೆ.
ನನ್ನ ಮೊಣಕಾಲಿಗೆ ಬೇಕಿದ್ದುದು ಮೆಟ್ಟಿಲಿಲ್ಲದ ಮನೆ,
ಪುಣ್ಯವಲ್ಲ.

ಮೂರನೇ ದಿನ ಬೀನ್ಸ್ ಕೊಳ್ಳಲು ಹೋದೆ.
ಹುಡುಗ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ
ಒಂದು ಗ್ರಾಮೂ ಬಿಡದೆ ತೂಗಿ ಚೀಲಕ್ಕೆ ಸುರಿದ.
ಅಂಕೆ ಸೊನ್ನೆಗೆ ಬಂತು.
ಆಮೇಲೆ, ಕೇಳದೆ, ಒಂದು ಹಿಡಿ ಹಸಿಮೆಣಸು.
ಕೊಸರು.
ಇದನ್ನು ಪರೀಕ್ಷಿಸುವ ಕಲ್ಲು
ಯಾವ ಇಲಾಖೆಯೂ ನನಗೆ ಕೊಟ್ಟಿರಲಿಲ್ಲ.
(ಮೆಣಸಿಗೆ ಖಾರವೇ ಇರಲಿಲ್ಲ, ಆ ಮಾತು ಬೇರೆ.)

ನಲವತ್ತೈದಕ್ಕೆ ಒಪ್ಪಿದೆ.
ಬೋರಿನ ಮೋಟರು, ಗೀಸರು, ಜಂತಿಯ ಫ್ಯಾನು ಅವರಿಗೇ.
ಉಳಿದ ಒಂದು ಲಕ್ಷಕ್ಕೆ ಸುಧಾಮಣಿ ಚೀಟಿ ಎತ್ತಿದಳು.
"ಒಂದು ಲಕ್ಷ ಯಾಕೆ ಬಿಟ್ಟೆ?" ತಂಗಿ ಫೋನಿನಲ್ಲಿ ಕೇಳಿದಳು.
ಮಾತು ಮೊದಲು ಇವರಿಗೆ ಆಗಿತ್ತು ಅಂದೆ.
ಅದು ಪೂರ್ತಿ ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಾಯಿತು.

ನೋಂದಣಿಯಾದ ವಾರಕ್ಕೆ ಅವಳದೇ ಫೋನು:
"ವಾರಿಜಮ್ಮಾ, ನಿಮ್ಮ ತೂಕದ ಕಲ್ಲು ಇಲ್ಲೇ ಬಿಟ್ಟಿದ್ದೀರಿ,
ಐದು ಕೇಜಿದು, ಮೇಲಿನ ರೂಮಿನಲ್ಲಿ."
ಗೊತ್ತು.
ಆ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತದೆ.
ನಾಗಭೂಷಣರ ವರದಿಯಲ್ಲಿ ಇಲ್ಲ,
ನಾನೂ ಹೇಳಿರಲಿಲ್ಲ.
ಇರಲಿ ಬಿಡಮ್ಮ, ಬಾಗಿಲಿಗೆ ಒತ್ತಿಡು ಅಂದೆ.
ಅದರ ಮುದ್ರೆ ಅವಧಿ ಮುಗಿದು ಯಾವುದೋ ಕಾಲವಾಯಿತು.